ಮೂರು ಹೊತ್ತೂ ಮನೆ ಊಟಾನೇ, ಆದ್ರೂ ಶುಗರ್ ಯಾಕೆ ಬಂತು? ನಮ್ಮ ಅಡುಗೆಮನೆಯ ಲೆಕ್ಕ

ನಮ್ಮಪ್ಪಂಗೆ ಶುಗರ್ ಇದೆ ಅಂತ ಗೊತ್ತಾದ ದಿನ ಅಮ್ಮ ಲ್ಯಾಬ್ ರಿಪೋರ್ಟ್ ಕೈಲಿ ಹಿಡ್ಕೊಂಡು "ಹೊರಗಡೆ ತಿಂದವರೇ ಅಲ್ಲ, ಮೂರು ಹೊತ್ತೂ ನಾನೇ ಮಾಡಿ ಹಾಕಿದ್ದೀನಿ, ಎಲ್ಲಿಂದ ಬಂತು ಇದು" ಅಂದ್ರು. ಅದರಲ್ಲಿ ಬೇಜಾರಿಗಿಂತ ಜಾಸ್ತಿ, ನಾನೇ ಏನೋ ತಪ್ಪು ಮಾಡಿದ್ನಾ ಅನ್ನೋ ಅಳುಕು ಇತ್ತು. ಇದು ಬರೀ ನಮ್ಮನೆ ಕಥೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ನಡೆಸಿದ ದೇಶದಾದ್ಯಂತದ ಅಧ್ಯಯನದ ಲೆಕ್ಕ 2023ರಲ್ಲಿ ಬಂತು, ಅದರ ಪ್ರಕಾರ ಇಂಡಿಯಾದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಬಾರ್ಡರ್‌ನಲ್ಲಿದ್ದಾರೆ. ಇಷ್ಟು ಜನ ದಿನಾ ಪಿಜ್ಜಾ ಬರ್ಗರ್ ತಿನ್ನೋರಲ್ಲ, ಬಹಳಷ್ಟು ಜನ ಮನೇಲಿ ಅನ್ನ ಸಾರು, ಚಪಾತಿ ಪಲ್ಯ ತಿನ್ನೋರೇ.

ಹಾಗಾದ್ರೆ ನಮ್ಮ ಸಾಂಪ್ರದಾಯಿಕ ಅಡುಗೆ ಆರೋಗ್ಯಕ್ಕೆ ಒಳ್ಳೇದಾ ಅಲ್ವಾ? ಒಂದು ಕಡೆ "ನಮ್ಮ ಹಿರಿಯರು ತಿಂದಿದ್ದೆಲ್ಲಾ ಔಷಧಿ" ಅನ್ನೋ ವಾಟ್ಸಾಪ್ ಮೆಸೇಜು, ಇನ್ನೊಂದು ಕಡೆ "ಅನ್ನ ಬಿಡಿ, ಇಡ್ಲಿ ಬಿಡಿ" ಅನ್ನೋ ವಿಡಿಯೋಗಳು, ಮಧ್ಯೆ ಅಡುಗೆ ಮಾಡೋರು ಪರದಾಡ್ತಾರೆ. ಬುಡದಿಂದ ನೋಡ್ಕೊಂಡು ಬರೋಣ.

ತಟ್ಟೆಯಲ್ಲಿ ಏನಿದೆ ಅನ್ನೋದಕ್ಕಿಂತ ಯಾವುದು ಎಷ್ಟಿದೆ

ಮೊದಲು ಒಂದಿಷ್ಟು ಪದಗಳು. ಕಾರ್ಬೋಹೈಡ್ರೇಟ್ ಅಥವಾ ಕಾರ್ಬ್ ಅಂದ್ರೆ ಪಿಷ್ಟ ಮತ್ತು ಸಕ್ಕರೆ, ಮೈಗೆ ಸೌದೆ ಇದ್ದ ಹಾಗೆ. ಪ್ರೋಟೀನ್ ಅಂದ್ರೆ ಮೈ ಕಟ್ಟೋ ಸಾಮಾನು, ಇಟ್ಟಿಗೆ ಅಂದ್ಕೊಳ್ಳಿ. ಫ್ಯಾಟ್ ಅಂದ್ರೆ ಎಣ್ಣೆ, ತುಪ್ಪ, ಕಾಯಿ, ಕಡ್ಲೆಕಾಯಿಯಲ್ಲಿ ಇರೋ ಕೊಬ್ಬು, ಇದೂ ಸೌದೆನೇ ಆದ್ರೆ ಗ್ರಾಂ ಲೆಕ್ಕದಲ್ಲಿ ಎರಡರಷ್ಟಕ್ಕಿಂತ ಜಾಸ್ತಿ ಉರಿ ಕೊಡುತ್ತೆ, ಒಂದು ಗ್ರಾಂ ಕಾರ್ಬ್‌ನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಇನ್ನು ಫೈಬರ್ ಅಂದ್ರೆ ನಾರು, ಸೊಪ್ಪು ತರಕಾರಿ ಕಾಳಿನ ಸಿಪ್ಪೆಯಲ್ಲಿ ಇರೋದು, ಇದು ಸರಿಯಾಗಿ ಜೀರ್ಣ ಆಗಲ್ಲ, ಆಗದೇ ಇರೋದೇ ಅದರ ಉಪಯೋಗ.

ಹೈದರಾಬಾದ್‌ನಲ್ಲಿರೋ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ, ಅಂದ್ರೆ ಎನ್‌ಐಎನ್, 2024ರ ಮೇ ತಿಂಗಳಲ್ಲಿ ಹೊಸ ಆಹಾರ ಮಾರ್ಗಸೂಚಿ ಬಿಡುಗಡೆ ಮಾಡ್ತು. ಅದರಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬ ಮನುಷ್ಯನಿಗೆ ಒಂದು ತಟ್ಟೆಯ ಲೆಕ್ಕ ಕೊಟ್ಟಿದ್ದಾರೆ, ಅಕ್ಕಿ ಬೇಳೆ ತೂಕ ಎಲ್ಲ ಬೇಯಿಸೋಕೆ ಮುಂಚಿಂದು. ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ ಕಾಲು ಕೆಜಿ. ಬೇಳೆ ಕಾಳು (ಮಾಂಸಾಹಾರಿಗಳಾದ್ರೆ ಮೊಟ್ಟೆ, ಮೀನು ಸೇರಿಸಿ) 85 ಗ್ರಾಂ. ತರಕಾರಿ ಮತ್ತು ಸೊಪ್ಪು 400 ಗ್ರಾಂ. ಹಣ್ಣು 100 ಗ್ರಾಂ, ಕಡ್ಲೆಕಾಯಿ ಎಳ್ಳು ಬಾದಾಮಿ ಥರದ್ದು 35 ಗ್ರಾಂ, ಹಾಲು ಮೊಸರು 300 ಎಂಎಲ್, ಎಣ್ಣೆ ತುಪ್ಪ 27 ಗ್ರಾಂ.

ಇನ್ನೊಂದು ಸಲ ಓದಿ. ತರಕಾರಿ ಅಕ್ಕಿಗಿಂತ ಜಾಸ್ತಿ ತೂಕ ಇದೆ. ನಮ್ಮನೇಲಿ ಈ ಲೆಕ್ಕ ಹಾಕಿ ನೋಡಿದಾಗ ನನಗೆ ನಿಜವಾಗ್ಲೂ ಗಾಬರಿ ಆಯ್ತು. ನಾಲ್ಕು ಜನಕ್ಕೆ ಅಮ್ಮ ಒಂದು ದಿನಕ್ಕೆ ಬಳಸ್ತಿದ್ದ ತರಕಾರಿ ಒಂದು ಕೆಜಿಯೂ ಇರ್ಲಿಲ್ಲ, ಬೇಕಾಗಿದ್ದು 1600 ಗ್ರಾಂ. ಅಕ್ಕಿ ಗೋಧಿ ಮಾತ್ರ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಖರ್ಚಾಗ್ತಿತ್ತು.

ಅದು ಯಾಕೆ ಕಣ್ಣಿಗೆ ಬೀಳಲ್ಲ ಅಂದ್ರೆ, ಒಂದೇ ಸಾಮಾನು ದಿನವಿಡೀ ಬೇರೆ ಬೇರೆ ವೇಷ ಹಾಕ್ಕೊಂಡು ಬರುತ್ತೆ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಅವಲಕ್ಕಿ ಒಗ್ಗರಣೆ, ರಾತ್ರಿ ಚಪಾತಿಗೆ ಆಲೂಗಡ್ಡೆ ಪಲ್ಯ. ನಾಲ್ಕು ಥರ ಅಡುಗೆ, ನಾಲ್ಕು ರುಚಿ, ಆದ್ರೆ ಹೊಟ್ಟೆಗೆ ಹೋಗಿದ್ದು ನಾಲ್ಕು ಸಲವೂ ಪಿಷ್ಟನೇ.

ಒಣ ಗರಿ, ಹುಣಸೆ ಕೊರಡು

ಪಿಷ್ಟ ತಿಂದ್ರೆ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತೆ, ಇನ್ಸುಲಿನ್ ಅನ್ನೋ ಹಾರ್ಮೋನ್ ಬಂದು ಅದನ್ನ ರಕ್ತದಿಂದ ಜೀವಕೋಶಗಳ ಒಳಗೆ ಕಳಿಸುತ್ತೆ. ಎಷ್ಟು ಪಿಷ್ಟ ಅನ್ನೋದು ಮುಖ್ಯ, ಎಷ್ಟು ಬೇಗ ಸೇರುತ್ತೆ ಅನ್ನೋದೂ ಅಷ್ಟೇ ಮುಖ್ಯ. ನೀರೊಲೆ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ, ಒಣಗಿದ ತೆಂಗಿನ ಗರಿ ಹಾಕಿದ್ರೆ ಭುಗ್ ಅಂತ ಹತ್ಕೊಂಡು ಎರಡು ನಿಮಿಷದಲ್ಲಿ ಬೂದಿ, ಹುಣಸೆ ಕೊರಡು ಹಾಕಿದ್ರೆ ನಿಧಾನಕ್ಕೆ ಗಂಟೆಗಟ್ಟಲೆ ಉರಿಯುತ್ತೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ, ಮೈದಾ, ಸಕ್ಕರೆ ಗರಿ ಥರ. ಹುರುಳಿ, ಕಡ್ಲೆ, ಅಲಸಂದೆ ಕೊರಡಿನ ಥರ. ಗ್ಲೈಸೆಮಿಕ್ ಇಂಡೆಕ್ಸ್ ಅಂತ ಡಾಕ್ಟರ್ ಹೇಳೋದು ಈ ಉರಿಯೋ ವೇಗದ ಅಳತೆ.

ಗರಿ ಜೊತೆ ಹಸಿ ಸೌದೆ ಸೇರಿಸಿದ್ರೆ ಉರಿ ನಿಧಾನ ಆಗುತ್ತಲ್ಲ, ಅದೇ ಕೆಲಸ ಊಟದಲ್ಲಿ ನಾರು, ಪ್ರೋಟೀನ್, ಸ್ವಲ್ಪ ಕೊಬ್ಬು ಮತ್ತು ಹುಳಿ ಮಾಡುತ್ತೆ. ಆದ್ದರಿಂದ ಬರೀ ಅನ್ನಕ್ಕೆ ತಿಳಿಸಾರು ಕಲಸಿ ತಿಂದಾಗ ಶುಗರ್ ಏರೋ ರೀತಿ ಬೇರೆ, ಅರ್ಧ ಅನ್ನಕ್ಕೆ ಗಟ್ಟಿ ಹುಳಿ, ಒಂದು ಬಟ್ಟಲು ಬೀನ್ಸ್ ಪಲ್ಯ, ಕೋಸಂಬರಿ, ಮೊಸರು ಇಟ್ಕೊಂಡು ತಿಂದಾಗ ಏರೋ ರೀತಿ ಬೇರೆ. ಅಕ್ಕಿ ಅದೇ, ಸುತ್ತ ಇರೋರು ಬೇರೆ.

ಇಲ್ಲೇ ರಾಗಿ ಬಗ್ಗೆ ಒಂದು ಮಾತು. ರಾಗಿ ಕಾಳು ಸಾಸಿವೆಯಷ್ಟು ಚಿಕ್ಕದು, ಅಕ್ಕಿ ಥರ ಸುಲಭವಾಗಿ ಪಾಲಿಶ್ ಮಾಡೋಕೆ ಆಗಲ್ಲ, ಸಿಪ್ಪೆ ಸಮೇತ ಹಿಟ್ಟಾಗುತ್ತೆ, ಹಾಗಾಗಿ ನಾರು ಜಾಸ್ತಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅದೆಲ್ಲ ಸರಿ, ಆದ್ರೆ "ರಾಗಿ ಅಲ್ವಾ, ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ಬಹುದು" ಅನ್ನೋದು ತಪ್ಪು. ರಾಗಿಯಲ್ಲೂ ಮುಕ್ಕಾಲು ಭಾಗದ ಹತ್ತಿರ ಕಾರ್ಬೇ ಇರೋದು, ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಮುದ್ದೆ ಶುಗರ್ ಏರಿಸುತ್ತೆ. 2025ರಲ್ಲಿ ಬಂದ ಅದೇ ಐಸಿಎಂಆರ್ ಅಧ್ಯಯನದ ಊಟದ ಭಾಗ ಹೇಳೋದೂ ಇದನ್ನೇ. ನಮ್ಮ ದೇಶದ ಜನ ಸರಾಸರಿ ಶೇಕಡ 62ರಷ್ಟು ಕ್ಯಾಲೊರಿ ಕಾರ್ಬ್‌ನಿಂದಲೇ ತಗೋತಾರೆ, ಬಿಳಿ ಅಕ್ಕಿ ತೆಗೆದು ಅಷ್ಟೇ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಹಾಕಿದ್ರೆ ಅಪಾಯ ಕಡಿಮೆ ಆಗೋದು ಕಾಣ್ಲಿಲ್ಲ, ಆದ್ರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇಕಡ 5ರಷ್ಟನ್ನ ಕಾರ್ಬ್‌ನಿಂದ ಬೇಳೆ ಕಾಳು ಅಥವಾ ಹಾಲು ಮೊಸರಿನ ಪ್ರೋಟೀನ್‌ಗೆ ಬದಲಾಯಿಸಿದ್ರೆ ಅಪಾಯ ಕಡಿಮೆ. ಅಂದ್ರೆ ದೊಡ್ಡ ಮುದ್ದೆ, ತೆಳ್ಳಗಿನ ಸಾರು ಇದ್ರೆ ಪ್ರಯೋಜನ ಕಮ್ಮಿ. ಚಿಕ್ಕ ಮುದ್ದೆ, ಗಟ್ಟಿ ಕಾಳುಸಾರು ಇದ್ರೆ ಅದು ಬೇರೆಯೇ ಊಟ.

ಬಸ್ಸಾರು ಮಾಡೋದನ್ನ ಒಂದು ಸಲ ಹತ್ತಿರ ನಿಂತು ನೋಡಿ

ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಬಸ್ಸಾರು ಹೊಸದಲ್ಲ. ಆದ್ರೆ ಅದರೊಳಗೆ ಎಷ್ಟು ಬುದ್ಧಿ ಇದೆ ಅಂತ ನನಗೆ ಗೊತ್ತಾಗಿದ್ದು ಈಗ, ಅಪ್ಪನ ಊಟ ಬದಲಾಯಿಸೋಕೆ ಅಂತ ಅಮ್ಮನ ಪಕ್ಕ ನಿಂತ್ಕೊಂಡಾಗ.

ರಾತ್ರಿ ನೆನೆಸಿದ ಅಲಸಂದೆ ಕಾಳು ಪಾತ್ರೆಗೆ ಬಿತ್ತು. ಅದು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು, ಒಂದು ಹಿಡಿ ಸಬ್ಬಸಿಗೆ, ಉಪ್ಪು. ಅಜ್ಜಿ ಕಾಲದಲ್ಲಿ ಇದಕ್ಕೆ ಬೆರಕೆ ಸೊಪ್ಪು ಹಾಕ್ತಿದ್ರು, ಅಣ್ಣೆ, ಗಣಿಕೆ, ಹೊನಗೊನೆ, ಕಿರಕಸಾಲೆ ಅಂತ ಹೊಲದ ಬದುವಲ್ಲಿ ಸಿಕ್ಕಿದ್ದೆಲ್ಲ ಮಡಿಲಿಗೆ ಕಿತ್ಕೊಂಡು ಬರೋರು, ದುಡ್ಡು ಕೊಟ್ಟು ಸೊಪ್ಪು ತರೋದು ಅವರಿಗೆ ಗೊತ್ತೇ ಇರ್ಲಿಲ್ಲ. ಬೆಂದ ಮೇಲೆ ಅಮ್ಮ ಮುಚ್ಚಳ ಅಡ್ಡ ಹಿಡಿದು ನೀರನ್ನ ಇನ್ನೊಂದು ಪಾತ್ರೆಗೆ ಬಸಿದ್ರು. ಹಸಿರು ಮಿಶ್ರಿತ ಕಂದು ಬಣ್ಣದ ಕಟ್ಟು, ಮಣ್ಣಿನ ವಾಸನೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಸ್ವಲ್ಪ ಕಾಯಿ, ಜೊತೆಗೆ ಬೆಂದ ಸೊಪ್ಪು ಕಾಳಿನಲ್ಲೇ ಒಂದು ಹಿಡಿ ತಗೊಂಡು ರುಬ್ಬಿ ಸೇರಿಸಿ ಕುದಿಸಿದ್ರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ, ಅದು ಪಲ್ಯ.

ಈಗ ವಿಜ್ಞಾನದ ಕಣ್ಣಲ್ಲಿ ನೋಡಿ. ಸೊಪ್ಪಿನಲ್ಲಿರೋ ಫೋಲೇಟ್, ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು ನೀರಲ್ಲಿ ಕರಗೋವು, ಬೇಯಿಸಿದ ನೀರನ್ನ ಸಿಂಕಿಗೆ ಚೆಲ್ಲಿದ್ರೆ ಅವೂ ಹೋಗುತ್ತೆ. ಬಿಸಿಗೆ ಒಂದಿಷ್ಟು ನಾಶ ಆಗೋದು ಆಗುತ್ತೆ, ಆದ್ರೆ ನೀರಿಗಿಳಿದಿದ್ದು ಬಸ್ಸಾರಲ್ಲಿ ಸಾರಾಗಿ ತಟ್ಟೆಗೆ ವಾಪಸ್ ಬರುತ್ತೆ. ಕಾಳಲ್ಲಿ ಪ್ರೋಟೀನ್ ಮತ್ತು ನಾರು. ಸೊಪ್ಪಿನ ಹಸಿರಲ್ಲಿ ಬೀಟಾ ಕೆರೋಟಿನ್ (ಮೈಯೊಳಗೆ ವಿಟಮಿನ್ ಎ ಆಗೋ ವಸ್ತು), ಅದು ಮೈಗೆ ಹತ್ತಬೇಕಾದ್ರೆ ಸ್ವಲ್ಪ ಕೊಬ್ಬು ಬೇಕು, ಒಗ್ಗರಣೆ ಮತ್ತು ಕಾಯಿತುರಿ ಅದನ್ನ ಕೊಡುತ್ತೆ. ನಾಲ್ಕು ಜನದ ಅಡುಗೆಗೆ ಎಣ್ಣೆ ಆ ಒಂದು ಚಮಚ ಅಷ್ಟೆ.

ಪೇಟೆಗೆ ಬಂದ್ಮೇಲೆ ನಮ್ಮ ಅಡುಗೆಮನೆಯಿಂದ ಮೊದಲು ಮಾಯ ಆಗಿದ್ದು ಇದೇ, ಯಾಕಂದ್ರೆ ಸೊಪ್ಪು ಬಿಡಿಸೋಕೆ ಟೈಮ್ ಬೇಕು. ಇದನ್ನ ಬರೀತಾ ನನಗೆ ಹೊಟ್ಟೆ ಉರಿಯುತ್ತೆ, ಉಳಿದಿದ್ದು ಪೂರಿ ಸಾಗು, ಘೀ ರೈಸ್, ಕಳೆದುಹೋಗಿದ್ದು ಬಸ್ಸಾರು.

ಬೇಳೆ ಸಾರಲ್ಲಿ ಬೇಳೆ ಎಷ್ಟಿದೆ?

ಅಕ್ಕಿ ಬೇಳೆ ಜೋಡಿ ಬಗ್ಗೆ ಹೆಮ್ಮೆ ಪಡೋದಕ್ಕೆ ಕಾರಣ ಇದೆ. ಪ್ರೋಟೀನ್ ಅಂದ್ರೆ ಬಣ್ಣ ಬಣ್ಣದ ಮಣಿ ಪೋಣಿಸಿದ ಸರ ಇದ್ದ ಹಾಗೆ, ಆ ಮಣಿಗಳಿಗೆ ಅಮೈನೋ ಆಸಿಡ್ ಅಂತಾರೆ. ಒಂದು ಬಣ್ಣದ ಮಣಿ ಮುಗಿದ್ರೆ ಮಿಕ್ಕಿದ್ದು ಎಷ್ಟಿದ್ರೂ ಸರ ಅಲ್ಲಿಗೇ ನಿಲ್ಲುತ್ತೆ. ಅಕ್ಕಿಯಲ್ಲಿ ಲೈಸಿನ್ ಅನ್ನೋ ಮಣಿ ಕಮ್ಮಿ, ಬೇಳೆಯಲ್ಲಿ ಮೆಥಿಯೋನಿನ್ ಅನ್ನೋದು ಕಮ್ಮಿ, ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಇಡ್ಲಿ, ಪೊಂಗಲ್, ಬಿಸಿಬೇಳೆಬಾತು ಎಲ್ಲದರಲ್ಲೂ ಈ ಜೋಡಿ ಇದೆ. ಇಡ್ಲಿ ಹಿಟ್ಟು ರಾತ್ರಿ ಹುಳಿ ಬಂದಾಗ ಖನಿಜಗಳನ್ನ ಹಿಡಿದಿಟ್ಕೊಳ್ಳೋ ಫೈಟಿಕ್ ಆಸಿಡ್ ಅನ್ನೋದು ಕಮ್ಮಿ ಆಗಿ ಕಬ್ಬಿಣ, ಸತು ಮೈಗೆ ಇನ್ನಷ್ಟು ಚೆನ್ನಾಗಿ ಹತ್ತುತ್ತೆ, ಅದು ಇನ್ನೊಂದು ಲಾಭ.

ತೊಂದರೆ ಇರೋದು ಅಳತೆಯಲ್ಲಿ. ನಾಲ್ಕು ಜನದ ಸಾರಿಗೆ 80 ಗ್ರಾಂ ತೊಗರಿಬೇಳೆ ಹಾಕಿದ್ರೆ ತಲೆಗೆ 20 ಗ್ರಾಂ, ಅದರಲ್ಲಿ ಪ್ರೋಟೀನ್ ನಾಲ್ಕೂವರೆ ಗ್ರಾಂ. ಐಸಿಎಂಆರ್ ಲೆಕ್ಕದಲ್ಲಿ 65 ಕೆಜಿ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು, 55 ಕೆಜಿ ಹೆಂಗಸಿಗೆ 46 ಗ್ರಾಂ ಹತ್ತಿರ. ತಿಳಿಸಾರು ನಂಬ್ಕೊಂಡ್ರೆ ಅದು ಎಲ್ಲಿಗೆ ಸಾಕಾಗುತ್ತೆ? ಮಿಕ್ಕಿದ್ದನ್ನ ಅಕ್ಕಿಯಿಂದಲೇ ತುಂಬಿಸ್ಬೇಕಾಗುತ್ತೆ, ಅಷ್ಟು ಅಕ್ಕಿ ತಿಂದ್ರೆ ಅದರ ಜೊತೆ ಪಿಷ್ಟವೂ ಬರುತ್ತೆ. ಆದ್ದರಿಂದ ಕಾಳುಸಾರು, ಹುಸ್ಲಿ, ಹೆಸರುಬೇಳೆ ಕೋಸಂಬರಿ, ಮೊಸರು, ತಿನ್ನೋರಿಗೆ ಮೊಟ್ಟೆ ಮೀನು, ಇವೆಲ್ಲ ಪಕ್ಕದ ಐಟಂ ಅಂತ ನೋಡ್ದೆ ಊಟದ ಮುಖ್ಯ ಭಾಗ ಅಂತ ನೋಡ್ಬೇಕು.

ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟದಲ್ಲಿ ಇದು ತಾನಾಗೇ ಆಗುತ್ತೆ. ರೊಟ್ಟಿ ಜೊತೆ ಹೆಸರುಕಾಳಿನ ಪಲ್ಯ ಅಥವಾ ಮಡಕಿ ಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಮೂಲಂಗಿ, ಮೆಂತ್ಯ ಸೊಪ್ಪು. ಎಣ್ಣೆ ಇಲ್ಲದ ರೊಟ್ಟಿ, ಹಸಿ ತರಕಾರಿ, ಕಾಳು, ಮೊಸರು, ಒಂದೇ ತಟ್ಟೆಯಲ್ಲಿ. ಕರಾವಳಿಯ ಕುಚಲಕ್ಕಿ ಗಂಜಿ ಕಥೆ ಬೇರೆ, ಭತ್ತವನ್ನ ಸಿಪ್ಪೆ ಸಮೇತ ಮೊದಲು ಬೇಯಿಸಿ ಆಮೇಲೆ ಅಕ್ಕಿ ಮಾಡೋದ್ರಿಂದ ಹೊರಗಿನ ಪದರದ ಬಿ ವಿಟಮಿನ್ ಒಂದಿಷ್ಟು ಅಕ್ಕಿಯೊಳಗೆ ಇಳಿದಿರುತ್ತೆ.

ಅಜ್ಜಿಗೆ ಏನೂ ಆಗ್ಲಿಲ್ಲ, ನಮಗೇ ಯಾಕೆ?

ಎಲ್ಲರೂ ಕೇಳೋ ಪ್ರಶ್ನೆ. ಹೊಲದಲ್ಲಿ ಬೆಳಗಿನಿಂದ ಸಂಜೆವರೆಗೂ ದುಡಿಯೋ ಹೆಂಗಸಿಗೆ ಐಸಿಎಂಆರ್ ಪ್ರಕಾರ ದಿನಕ್ಕೆ 2720 ಕ್ಯಾಲೊರಿ ಬೇಕು, ಕೂತು ಕೆಲಸ ಮಾಡೋ ಹೆಂಗಸಿಗೆ 1660. ಸಾವಿರಕ್ಕೂ ಜಾಸ್ತಿ ವ್ಯತ್ಯಾಸ, ಅಂದ್ರೆ ಹೆಚ್ಚು ಕಮ್ಮಿ ಒಂದೂವರೆ ಹೊತ್ತಿನ ಊಟ. ಅಜ್ಜಿ ತಿಂದಷ್ಟೇ ಅನ್ನ, ಮುದ್ದೆಯನ್ನ ನಾವು ಲ್ಯಾಪ್‌ಟಾಪ್ ಮುಂದೆ ಕೂತ್ಕೊಂಡು ತಿಂದ್ರೆ ಆ ಒಂದೂವರೆ ಹೊತ್ತಿನ ಊಟ ಮೈಯಲ್ಲೇ ಉಳಿಯುತ್ತೆ.

ಇನ್ನೊಂದು ವಿಷಯ ನಮ್ಮ ಮೈಯಲ್ಲೇ ಇದೆ. ದಕ್ಷಿಣ ಏಷ್ಯಾದವರು ನೋಡೋಕೆ ಸಣ್ಣಗಿದ್ರೂ ಹೊಟ್ಟೆಯ ಒಳಗೆ, ಲಿವರ್ ಸುತ್ತ ಕೊಬ್ಬು ಬೇಗ ಸೇರುತ್ತೆ, ಮಾಂಸಖಂಡ ಕಮ್ಮಿ ಇರುತ್ತೆ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಬೇರೆಯವರಿಗೆ 25 ದಾಟಿದ್ರೆ ಹೆಚ್ಚು ತೂಕ ಅಂದ್ರೆ ನಮಗೆ 23 ದಾಟಿದ್ರೇ ಎಚ್ಚರ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತಾರೆ. ನಮ್ಮಪ್ಪ ಸಣ್ಣಗೇ ಇದ್ರು, ತೂಕ ಸರಿ ಇದೆ ಅಂತ ಯಾರೂ ಟೆಸ್ಟ್ ಮಾಡಿಸ್ಲಿಲ್ಲ, ಟೇಪ್ ಹಿಡಿದಾಗ ಹೊಟ್ಟೆ 96 ಇತ್ತು.

ಮತ್ತೆ ಹಬ್ಬದ ಅಡುಗೆ. ಒಬ್ಬಟ್ಟು, ಪೂರಿ, ಬೋಂಡ, ಪಾಯಸ ವರ್ಷಕ್ಕೆ ಕೆಲವೇ ದಿನ ಆಗ್ತಿದ್ದ ಅಡುಗೆ, ಎಣ್ಣೆ ಸಕ್ಕರೆ ತುಟ್ಟಿ ಇದ್ದ ಕಾಲ. ಈಗ ವಾರಕ್ಕೆರಡು ಸಲ ಪೂರಿ, ಸಂಜೆಗೆ ಬಜ್ಜಿ. ಸಂಪ್ರದಾಯದ ಅಡುಗೆನೇ, ಸಂಪ್ರದಾಯದ ಲೆಕ್ಕ ಅಲ್ಲ.

ಎಣ್ಣೆ ಪ್ಯಾಕೆಟ್, ಉಪ್ಪಿನ ಪ್ಯಾಕೆಟ್ ಇಟ್ಕೊಂಡು ಲೆಕ್ಕ ಹಾಕಿ

ದಿನಾ ಚಮಚ ಎಣಿಸೋದು ಯಾರ ಕೈಲೂ ಆಗಲ್ಲ, ತಿಂಗಳ ಲೆಕ್ಕ ಸುಲಭ. ತಲೆಗೆ ದಿನಕ್ಕೆ 27 ಗ್ರಾಂ ಅಂದ್ರೆ ನಾಲ್ಕು ಜನಕ್ಕೆ ತಿಂಗಳಿಗೆ 3240 ಗ್ರಾಂ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ, ಸೋ ತುಪ್ಪ ಬೆಣ್ಣೆ ಎಲ್ಲ ಸೇರಿ ಮೂರೂವರೆ ಲೀಟರ್. ನಿಮ್ಮನೆ ದಿನಸಿ ಬಿಲ್ ತೆಗೆದು ನೋಡಿ. ತುಪ್ಪ, ಕೊಬ್ಬರಿ ಎಣ್ಣೆ ಎರಡರಲ್ಲೂ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಅದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತೆ, ಹಾಗಂತ ಸಾರಿಗೆ ಒಂದು ಸಣ್ಣ ಚಮಚ ತುಪ್ಪ ವಿಷ ಅಲ್ಲ, ಅದನ್ನ ಈ ಮೂರೂವರೆ ಲೀಟರ್ ಒಳಗೆ ಸೇರಿಸಿ ಲೆಕ್ಕ ಹಾಕ್ಬೇಕು ಅಷ್ಟೆ. ಕರಿದ ಎಣ್ಣೆಯನ್ನ ಮತ್ತೆ ಮತ್ತೆ ಕಾಯಿಸೋದು ಮಾತ್ರ ಬೇಡ.

ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ, ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಹೊರಗಿನ ತಿಂಡಿಯ ಉಪ್ಪು ಎಲ್ಲ ಸೇರಿ. ನಮ್ಮ ಅಡುಗೆಯಲ್ಲಿ ಬಿಪಿಗೆ ನೇರ ಕಾರಣ ಆಗೋದು ಇದು, ಉಪ್ಪಿನಕಾಯಿ ಬರೀ ಹೆಸರಿಗೆ ಕಾಯಿ.

ಸಕ್ಕರೆಗೆ ಎನ್‌ಐಎನ್ ಹೇಳೋ ಮಿತಿ ದಿನಕ್ಕೆ 20ರಿಂದ 25 ಗ್ರಾಂ. ಒಂದು ಟೀ ಚಮಚ ಸಕ್ಕರೆ ನಾಲ್ಕರಿಂದ ಐದು ಗ್ರಾಂ. ಎರಡು ಚಮಚ ಹಾಕಿ ಮೂರು ಕಾಫಿ ಕುಡಿದ್ರೆ ದಿನದ ಲೆಕ್ಕ ಅಲ್ಲೇ ಮುಗೀತು. ಬೆಲ್ಲ ಹಾಕಿದ್ರೆ ಪರವಾಗಿಲ್ಲ ಅಂತ ಅಂದ್ಕೋಬೇಡಿ, ಖನಿಜ ಚೂರು ಇರಬಹುದು, ರಕ್ತದ ಶುಗರ್‌ಗೆ ಎರಡೂ ಒಂದೇ.

ಕಾಫಿ ಮತ್ತು ಕಬ್ಬಿಣ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇಂಡಿಯಾದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57ರಷ್ಟು ಜನಕ್ಕೆ ರಕ್ತಹೀನತೆ. ಸೊಪ್ಪು ಕಾಳಲ್ಲಿ ಕಬ್ಬಿಣ ಇದೆ, ಆದ್ರೆ ಮೈಗೆ ಹತ್ತೋದು ಸ್ವಲ್ಪವೇ. ಅದರ ಜೊತೆ ವಿಟಮಿನ್ ಸಿ ಇದ್ರೆ ಜಾಸ್ತಿ ಹತ್ತುತ್ತೆ, ಕಾಫಿ ಟೀ ಇದ್ರೆ ಕಮ್ಮಿ ಆಗುತ್ತೆ. ಕೋಸಂಬರಿಗೆ ನಿಂಬೆಹುಳಿ ಹಿಂಡೋದು, ನೆಲ್ಲಿಕಾಯಿ ಚಟ್ನಿ ಇದಕ್ಕೇ ಒದಗುತ್ತೆ. ತಿಂಡಿ ತಿಂದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇದ್ರೆ ಒಂದು ಗಂಟೆ ಮುಂದಕ್ಕೆ ಹಾಕಿ. ಪಲ್ಯವನ್ನ ಕಬ್ಬಿಣದ ಬಾಣಲೆಯಲ್ಲಿ ಮಾಡಿದ್ರೆ ಪಾತ್ರೆಯಿಂದಲೂ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತೆ, ಹುಳಿ ಇರೋ ಅಡುಗೆಗೆ ಇನ್ನೂ ಜಾಸ್ತಿ, ಮಾಡಿದ ಮೇಲೆ ಬೇರೆ ಪಾತ್ರೆಗೆ ತೆಗೆದಿಡಿ, ಇಲ್ಲಾಂದ್ರೆ ಕಪ್ಪಾಗುತ್ತೆ.

ನಮ್ಮನೇಲಿ ಏನು ಬದಲಾಯ್ತು

ಅಮ್ಮ ಹೊಸ ಅಡುಗೆ ಒಂದೂ ಕಲೀಲಿಲ್ಲ. ಓಟ್ಸ್ ಬರ್ಲಿಲ್ಲ, ಆಲಿವ್ ಎಣ್ಣೆ ಬರ್ಲಿಲ್ಲ. ಅನ್ನದ ಸೌಟು ಬದಲಾಯ್ತು, ದೊಡ್ಡದರ ಬದಲು ಚಿಕ್ಕದು, ಅಪ್ಪಂಗೆ ಎರಡು ಸೌಟು ಅಷ್ಟೆ. ಮೊದಲು ತಟ್ಟೆಗೆ ಪಲ್ಯ ಮತ್ತೆ ಕೋಸಂಬರಿ ಬೀಳುತ್ತೆ, ಅದನ್ನ ಅರ್ಧ ತಿಂದಾದ್ಮೇಲೆ ಅನ್ನ. ಸಾರಿಗೆ ಬೇಳೆ ಡಬಲ್. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ. ವಾರಕ್ಕೆರಡು ದಿನ ಬಸ್ಸಾರು, ಸೊಪ್ಪು ಬಿಡಿಸೋ ಕೆಲಸ ಅಪ್ಪಂದು, ಟಿವಿ ಮುಂದೆ ಕೂತ್ಕೊಂಡು ಮಾಡ್ತಾರೆ. ಇಷ್ಟಕ್ಕೂ ಮೊದಲು ಡಾಕ್ಟರ್ ಹತ್ರ ಕೇಳಿದ್ವಿ, ಅದನ್ನ ನೀವೂ ಮಾಡಿ, ಯಾಕಂದ್ರೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಒಂದೇ ಸಲ ಅನ್ನ ಕಮ್ಮಿ ಮಾಡಿದ್ರೆ ಶುಗರ್ ಪೂರ್ತಿ ಇಳಿದು ತಲೆ ಸುತ್ತಿ ಬೀಳೋ ಅಪಾಯ ಇದೆ, ಕಿಡ್ನಿ ತೊಂದರೆ ಇರೋರಿಗೆ ಕಾಳು, ಸೊಪ್ಪಿನ ಲೆಕ್ಕ ಬೇರೆನೇ ಇರುತ್ತೆ.

ಎಣ್ಣೆ ಪ್ಯಾಕೆಟ್ ಒಡೆದ ದಿನ ಅಮ್ಮ ಈಗ ಕ್ಯಾಲೆಂಡರ್‌ನಲ್ಲಿ ಪೆನ್ನಲ್ಲಿ ಗೆರೆ ಹಾಕ್ತಾರೆ. ಶುರು ಮಾಡಿದ ತಿಂಗಳು ಐದು ಗೆರೆ ಇತ್ತು, ಹೋದ ತಿಂಗಳು ನಾಲ್ಕು. ಇನ್ನೂ ಅರ್ಧ ಲೀಟರ್ ಇಳೀಬೇಕು.